ಕಡಾಯಿಗೆ ತಕ್ಕ ಎಣ್ಣೆ

ಮನೆಯ ಒಗ್ಗರಣೆಗೆ ಎಣ್ಣೆ ಕೊಳ್ಳುವುದು ಒಂದು ಬಗೆ. ಹತ್ತೂರಿಗೆ ಮಾರತಕ್ಕ ತಿಂಡಿಗೆ ಎಣ್ಣೆ ಕೊಳ್ಳುವುದು ಬೇರೊಂದು ಬಗೆ. ಮೊದಲನೆಯದರಲ್ಲಿ ಕೊಂಡವಳೇ ಉಣ್ಣುವವಳು. ಎಣ್ಣೆ ಕೆಟ್ಟಿದ್ದರೆ ಆ ಹೊತ್ತಿನ ಊಟದಲ್ಲಿಯೇ ಮನೆಮಂದಿಯ ಮುಖ ನೋಡಿ ತಿಳಿದುಕೊಳ್ಳಬಹುದು. ಎರಡನೆಯದರಲ್ಲಿ ಕೊಂಡವಳು ಸಿಂಧನೂರಿನಲ್ಲಿರುತ್ತಾಳೆ; ತಿನ್ನುವ ಕೂಸು ಲಿಂಗಸುಗೂರಿನ ಯಾವುದೋ ಓಣಿಯಲ್ಲಿರುತ್ತದೆ; ನಡುವೆ ಐದಾರು ವಾರಗಳು ಕಳೆದುಹೋಗಿರುತ್ತವೆ. ಆ ಕೂಸಿನ ಮುಖವನ್ನು ನಾವು ಎಂದೂ ಕಾಣುವುದಿಲ್ಲ. ಆದುದರಿಂದಲೇ ಈ ಕೆಲಸಕ್ಕೆ ಮನೆಯ ಕೆಲಸಕ್ಕಿಂತ ಹೆಚ್ಚಿನ ಎಚ್ಚರ ಬೇಕೆಂದು ನನ್ನ ಅಭಿಪ್ರಾಯ.

ನಾವು ಹನ್ನೊಂದು ಮಂದಿ ಹೆಂಗಸರು ಕೂಡಿ ಸಿಂಧನೂರಿನಲ್ಲಿ ಒಂದು ತಿಂಡಿಯ ಮನೆಯನ್ನು ನಡೆಸುತ್ತೇವೆ. ಸೇವು, ಚಕ್ಕುಲಿ, ಖಾರಾ, ಚೂಡಾ, ಹಬ್ಬದ ದಿನಗಳಲ್ಲಿ ಕರ್ಚೀಕಾಯಿ, ಶಂಕರಪೋಳಿ, ಇವು ನಮ್ಮ ಸರಕು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಕಿರಾಣಿ ಅಂಗಡಿಗಳಿಗೂ, ಒಮ್ಮೊಮ್ಮೆ ಹಟ್ಟಿಯ ಚಿನ್ನದ ಗಣಿಯ ಊರಿಗೂ ಇದು ಹೋಗುತ್ತದೆ. ಹಿಟ್ಟು, ಬೇಳೆ, ಎಣ್ಣೆಗಳ ಖರೀದಿ ನನ್ನ ಪಾಲಿಗೆ ಬಂದ ಕೆಲಸ. ವಾರಕ್ಕೆ ಏಳೆಂಟು ಡಬ್ಬಿ ಎಣ್ಣೆ ಬೇಕಾಗುತ್ತದೆ.

ಇಷ್ಟೊಂದು ಎಣ್ಣೆ ಎಲ್ಲಿ ಹೋಗುತ್ತದೆಂದು ನೆರೆಹೊರೆಯವರು ಕೇಳುವುದುಂಟು. ಕರಿಯುವಾಗ ಎಣ್ಣೆಯು ಕಡಾಯಿಯಲ್ಲಿ ಉಳಿಯುತ್ತದೆ, ತಿಂಡಿ ಮಾತ್ರ ಹೊರಗೆ ಬರುತ್ತದೆ ಎಂಬುದು ಸಾಮಾನ್ಯರ ತಿಳಿವಳಿಕೆ. ನಿಜಸ್ಥಿತಿ ಹಾಗಿಲ್ಲ. ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬಿದ್ದ ತಾವಿನಲ್ಲಿ ಎಣ್ಣೆ ಒಳಸೇರುತ್ತದೆ. ಒಂದು ಕಿಲೋ ಸೇವಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಎಣ್ಣೆಯೇ ಇರುತ್ತದೆ. ಕಡಲೆಹಿಟ್ಟು ಎಷ್ಟೇ ಚೊಕ್ಕಟವಾಗಿದ್ದರೂ ಎಣ್ಣೆ ಕಮಟಾದರೆ ಆ ಸೇವು ಕಮಟೇ. ತಿಂಡಿಯ ವೆಚ್ಚದಲ್ಲಿಯೂ ದೊಡ್ಡ ಭಾಗ ಇದರದೇ. ಡಬ್ಬಿಯ ಬೆಲೆ ಏರಿದ ವಾರ ನಮ್ಮ ಹನ್ನೊಂದು ಮಂದಿಯ ಕೂಲಿ ಇಳಿಯುತ್ತದೆ.

ಈ ಮೂರು ಊರುಗಳು ಒಂದೇ ಹೆದ್ದಾರಿಯ ಮೇಲಿದ್ದರೂ ಎಣ್ಣೆಯ ವಿಷಯದಲ್ಲಿ ಒಂದೊಂದಕ್ಕೂ ಬೇರೆ ಬೇರೆ ಚರಿತ್ರೆಯುಂಟು. ತುಂಗಭದ್ರೆಯ ಅಣೆಕಟ್ಟು ೧೯೫೩ರಲ್ಲಿ ಮುಗಿದು, ಮುಂದೆ ಎಡದಂಡೆಯ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಬತ್ತದ ನಾಡಾಯಿತು. ಕಾಲುವೆಯ ಹಿಂದೆಯೇ ಆಂಧ್ರದ ಒಕ್ಕಲಿಗರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಇದೇ ತಾಲೂಕಿನಲ್ಲಿ ನೆಲೆ ದೊರೆಯಿತು. ತಮ್ಮೊಂದಿಗೆ ಅವರು ತಮ್ಮ ನಾಲಗೆಯನ್ನೂ ತಂದರು. ಬಂಗಾಳಿಗಳ ಅಡಿಗೆಮನೆಯ ಸಾಸಿವೆ ಎಣ್ಣೆಯ ಘಾಟು ನಮ್ಮ ಓಣಿಯವರಿಗೆ ಸಹಿಸದು. ನಮ್ಮ ಗುರೆಳ್ಳು ಚಟ್ನಿ ಅವರಿಗೆ ಹಿಡಿಸದು. ಮಸ್ಕಿ, ಲಿಂಗಸುಗೂರುಗಳಲ್ಲಿ ಬಹುಪಾಲು ಒಣಬೇಸಾಯ. ಚಿನ್ನವನ್ನರಸುತ್ತ ಬಂದ ಬೀಡನ್ ಎಂಬ ಇಂಜಿನಿಯರನು ೧೯೧೫ರಲ್ಲಿ ಮಸ್ಕಿಯ ಗುಡ್ಡದಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು ಕಂಡನಷ್ಟೆ; ಆ ಗುಡ್ಡದ ಸುತ್ತಣ ಎರೆಹೊಲಗಳಲ್ಲಿ ಬಿಳಿಜೋಳದ ಅಂಚಿಗೆ ಮುಳ್ಳಿನ ಕುಸುಬೆಯ ಸಾಲುಗಳನ್ನು ಹಾಕುತ್ತಿದ್ದರು. ದನಗಳು ಹೊಲಕ್ಕೆ ನುಗ್ಗುತ್ತಿರಲಿಲ್ಲ. ಎಳೆಯ ಎಲೆ ಪಲ್ಯಕ್ಕಾಗುತ್ತಿತ್ತು. ಕಾಳು ಗಾಣಕ್ಕೆ ಹೋಗಿ ವರ್ಷದ ಎಣ್ಣೆಯಾಗುತ್ತಿತ್ತು. ಹಿಂಡಿಯು ದನಕ್ಕೆ ಮೇವಾಗುತ್ತಿತ್ತು.

ಕುಸುಬೆಯ ಸ್ಥಾನವನ್ನು ಕೆಲಕಾಲ ಸೂರ್ಯಕಾಂತಿ ಆಕ್ರಮಿಸಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ೧೯೮೦ರಲ್ಲಿ ಬಿ.ಎಸ್.ಎಚ್.-೧ ಎಂಬ ಸಂಕರ ತಳಿಯನ್ನು ಹೊರತಂದರು. ದೇಶದ ಮೊದಲ ಸೂರ್ಯಕಾಂತಿ ಸಂಕರ ಅದೇ. ನಮ್ಮ ರಾಯಚೂರು ಜಿಲ್ಲೆಯ ಹೊಲಗಳು ಹಳದಿ ಹೂವಿನಿಂದ ತುಂಬಿದುವು. ೧೯೯೭ರಿಂದೀಚೆಗೆ ಎಲೆಯನ್ನೂ ತೆನೆಯನ್ನೂ ಒಣಗಿಸುವ ನೆಕ್ರೋಸಿಸ್ ರೋಗ ಹರಡಿತು. ಹೊರಗಿನ ಅಗ್ಗದ ಎಣ್ಣೆಯೂ ಬಂದಿತು. ಒಕ್ಕಲಿಗರು ಹತ್ತಿಗೂ ತೊಗರಿಗೂ ತಿರುಗಿದರು. ಇದರ ಫಲವೇನೆಂದರೆ, ೨೦೨೨ರ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಆರಂಭವಾದಾಗ ಸಿಂಧನೂರಿನ ಬಜಾರಿನಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು. ಒಂದು ಕಾಲಕ್ಕೆ ಸೂರ್ಯಕಾಂತಿಯ ಸೀಮೆಯೆನಿಸಿದ ನಾಡು ಕಪ್ಪುಸಮುದ್ರದ ಹಡಗುಗಳ ದಾರಿ ಕಾಯಬೇಕಾಯಿತು! ಅದೇ ಏಪ್ರಿಲ್ ೨೮ರಿಂದ ಮೇ ೨೩ರ ವರೆಗೆ ಇಂಡೋನೇಷ್ಯದವರು ತಮ್ಮ ತಾಳೆಎಣ್ಣೆಯ ರಫ್ತನ್ನೂ ನಿಲ್ಲಿಸಿದರು. ಆ ದಿನಗಳಲ್ಲಿ ನಾವು ವಾರಕ್ಕೆ ನಾಲ್ಕೇ ದಿನ ಒಲೆ ಹೊತ್ತಿಸಿದೆವು.

ಎಣ್ಣೆಯ ಆಯ್ಕೆಯ ಬಗ್ಗೆ ನಮ್ಮೊಳಗೆ ದೊಡ್ಡ ವಾದವೆದ್ದುದು ಆಗಲೇ. ನಮ್ಮಲ್ಲಿ ಹಿರಿಯಳಾದವಳನ್ನು ನಾವೆಲ್ಲರೂ ದೊಡ್ಡಕ್ಕ ಎನ್ನುತ್ತೇವೆ. ಮಸ್ಕಿಯ ಹತ್ತಿರದ ಹಳ್ಳಿಯವಳು. "ನಮ್ಮವ್ವ ಕುಸುಬಿ ಎಣ್ಣಿ ಬಿಟ್ಟು ಬ್ಯಾರೆ ಎಣ್ಣಿ ಮುಟ್ಟಲಿಲ್ಲ, ಎಂಬತ್ತು ವರ್ಷ ಗಟ್ಟಿ ಇದ್ಲು" ಎಂಬುದು ಅವಳ ವಾದ. ಅತ್ತ ಲೆಕ್ಕ ಬರೆಯುವ ನನ್ನ ಸೋದರಳಿಯನು, "ಅತ್ತೀ, ಹತ್ರೂಪಾಯಿ ಪಾಕೀಟಿಗೆ ಪ್ಯಾಟ್ಯಾಗ ಯಾರು ಕುಸುಬಿ ಎಣ್ಣಿ ಹಾಕ್ತಾರ ಹೇಳ್ರಿ? ಪಾಮೋಲಿನ್ ಹಾಕ್ರಿ, ಇಲ್ಲಾ ಅಂಗಡಿ ಮುಚ್ಚ್ರಿ" ಎಂದನು. ಇಬ್ಬರ ಮಾತಿನಲ್ಲಿಯೂ ಹುರುಳಿದ್ದಿತು. ಇಬ್ಬರ ಮಾತೂ ಪೂರ್ತಿ ಸರಿಯಾಗಿರಲಿಲ್ಲ.

ವಾದದಿಂದ ತೀರದುದನ್ನು ಕಡಾಯಿಯಿಂದ ತೀರಿಸುವುದೇ ಮೇಲೆಂದು ನಾಲ್ಕು ಎಣ್ಣೆಗಳಲ್ಲಿ ಒಂದೇ ಹಿಟ್ಟಿನ ಸೇವನ್ನು ಕರಿದು, ಪಾಕೀಟು ಕಟ್ಟಿ, ಗುರುತು ಹಾಕಿ ಕಪಾಟಿನಲ್ಲಿಟ್ಟೆವು. ನಮ್ಮ ಕಡೆಯ ಬೇಸಗೆಯೆಂದರೆ ವಾಚಕರು ಬಲ್ಲರು, ನೆರಳೂ ಕಾಯುತ್ತದೆ. ಮೊದಲ ದಿನ ಕುಸುಬೆ ಎಣ್ಣೆಯ ಸೇವೇ ಎಲ್ಲರಿಗೂ ಮೆಚ್ಚುಗೆಯಾಯಿತು. ಆದರೆ ಮೂರನೆಯ ವಾರಕ್ಕೆ ಅದೇ ಮೊದಲು ಕಮಟು ವಾಸನೆ ಹಿಡಿಯಿತು. ಶೇಂಗಾ ಎಣ್ಣೆಯದೂ ತೌಡಿನ ಎಣ್ಣೆಯದೂ ಅದಕ್ಕಿಂತ ಬಹಳ ದಿನ ತಾಳಿದುವು. ಪಾಮೋಲಿನ್ನಿನದು ಎಲ್ಲಕ್ಕಿಂತ ಹೆಚ್ಚು ದಿನ ನಿಂತಿತು. ರುಚಿಯಲ್ಲಿ ಮಾತ್ರ ಎಲ್ಲಕ್ಕಿಂತ ಸಪ್ಪೆ.

ಇದಕ್ಕೆ ಕಾರಣವಿದೆ. ಎಣ್ಣೆಗಳಲ್ಲಿ ಲಿನೋಲಿಯಿಕ್ ಎಂಬ ಆಮ್ಲದ ಅಂಶವೊಂದುಂಟು. ಅದು ದೇಹಕ್ಕೆ ಅವಶ್ಯವಾದುದು. ಆದರೆ ಗಾಳಿಯೊಡನೆ ಬೇಗನೆ ಕೂಡಿ ಕೆಡತಕ್ಕದ್ದು. ಕುಸುಬೆ ಎಣ್ಣೆಯಲ್ಲಿ ಇದರ ಪಾಲು ನೂರಕ್ಕೆ ೭೫ರ ಸುಮಾರು. ಶೇಂಗಾದಲ್ಲಿ ೩೦ರ ಸುಮಾರು. ಪಾಮೋಲಿನ್ನಿನಲ್ಲಿ ೧೧ರಷ್ಟು ಮಾತ್ರ. ತೌಡಿನ ಎಣ್ಣೆಯಲ್ಲಿ ೩೫ರ ಹತ್ತಿರವಿದ್ದರೂ ಒರೈಜನಾಲ್ ಎಂಬ ಸಹಜ ವಸ್ತುವಿರುವುದರಿಂದ ಅದು ಬೇಗ ಹಾಳಾಗುವುದಿಲ್ಲ. ದೊಡ್ಡಕ್ಕನ ತಾಯಿಯು ಕರಿದುದನ್ನು ಅಂದೇ ಉಣಬಡಿಸುತ್ತಿದ್ದಳು. ಆಕೆಗೆ ಪಾಕೀಟಿನ ಮೇಲಿನ ತಾರೀಖಿನ ಚಿಂತೆಯಿರಲಿಲ್ಲ. ಎಣ್ಣೆ ಒಳ್ಳೆಯದು ಹೌದೋ ಅಲ್ಲವೋ ಎಂದು ಕೇಳುವುದಕ್ಕಿಂತ, ಯಾವ ಕೆಲಸಕ್ಕೆ, ಎಷ್ಟು ದಿನಕ್ಕೆ ಎಂದು ಕೇಳುವುದು ಯೋಗ್ಯವೆಂಬುದು ಆ ಬೇಸಗೆಯಲ್ಲಿ ನಮ್ಮೆಲ್ಲರಿಗೂ ಮನವರಿಕೆಯಾಯಿತು.

ಪಾಮೋಲಿನ್ನನ್ನು ವಿಷವೆಂದು ಜರೆಯುವವರ ಗುಂಪಿಗೆ ನಾನು ಸೇರಿದವಳಲ್ಲ. ಭಾರತವು ತಾನು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸುತ್ತಿದೆ. ಅದರಲ್ಲಿ ತಾಳೆಯ ಪಾಲೇ ದೊಡ್ಡದು. ಬಡವರ ಒಲೆಯನ್ನು ಅದು ಆರಗೊಟ್ಟಿಲ್ಲ. ಆದರೂ ಅದರಲ್ಲಿ ಸಂತೃಪ್ತ ಕೊಬ್ಬು ನೂರಕ್ಕೆ ೪೫ರ ಹತ್ತಿರವಿದೆ. ಶೇಂಗಾದಲ್ಲಿ ಇರುವುದು ಅದರ ಅರ್ಧಕ್ಕಿಂತ ಕಡಿಮೆ. ಎದೆಯ ಬೇನೆಯುಳ್ಳವರಿಗೆ ವೈದ್ಯರು ಬೇಡವೆನ್ನುವುದು ಇದನ್ನೇ. ದಿನವೂ ಸಂಜೆ ಒಂದೊಂದು ಪಾಕೀಟು ಕೇಳುವ ಮಕ್ಕಳ ಹೊಟ್ಟೆಗೆ ಇದನ್ನು ಹಾಕುವಾಗ ಅಗ್ಗವೆಂಬ ಒಂದೇ ಕಾರಣ ನನಗೆ ಸಾಲದೆನಿಸಿತು. ಇನ್ನು ಚಳಿಗಾಲದ ನಸುಕಿನಲ್ಲಿ ಈ ಎಣ್ಣೆ ಮಬ್ಬಾಗಿ ಹರಳುಗಟ್ಟುತ್ತದೆ. ಚಕ್ಕುಲಿಯ ಮೇಲೆ ಬೆಳ್ಳಗೆ ಪೊರೆ ಕಾಣುತ್ತದೆ.

ವನಸ್ಪತಿಯ ಮಾತನ್ನು ನಾವು ಎತ್ತಲೇ ಇಲ್ಲ. ೨೦೨೨ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ನೂರಕ್ಕೆ ೨ನ್ನು ಮೀರಕೂಡದೆಂಬ ನಿಯಮ ಬಂದಿದೆ. ಅದು ಬಂದುದೇ ವನಸ್ಪತಿಯಂಥ ಪದಾರ್ಥಗಳ ದೆಸೆಯಿಂದ.

ಎಲ್ಲ ತೂಗಿನೋಡಿ ಶೇಂಗಾ ಎಣ್ಣೆಯನ್ನು ಮುಖ್ಯವಾಗಿ ಇಟ್ಟುಕೊಂಡೆವು. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಒಂದು ದೀಪಾವಳಿಗೆ ಮುಂಚೆ ಪರಸ್ಥಳದ ಒಬ್ಬ ವ್ಯಾಪಾರಿಯು ಪೇಟೆಯ ದರಕ್ಕಿಂತ ತುಸು ಕಡಿಮೆಗೆ ನಲವತ್ತು ಡಬ್ಬಿ ಶೇಂಗಾ ಎಣ್ಣೆಯನ್ನು ಕಳಿಸಿದನು. ಮುಚ್ಚಳಗಳೆಲ್ಲ ಮೊಹರಾಗಿದ್ದುವು, ಬಿಲ್ಲು ಸರಿಯಾಗಿತ್ತು, ಮೊದಲು ತೆರೆದ ಡಬ್ಬಿಗಳ ಬಣ್ಣ ವಾಸನೆಗಳಲ್ಲಿಯೂ ಕೊರತೆಯಿರಲಿಲ್ಲ. ಹಬ್ಬ ಕಳೆದು ಚಳಿ ಬಿದ್ದ ಮೇಲೆ ಒಂದು ನಸುಕಿನಲ್ಲಿ ತೆರೆದ ಡಬ್ಬಿಯ ತಳದಲ್ಲಿ ರವೆಯಂಥ ಬಿಳಿಯ ಹರಳು ಕೂತಿತ್ತು. ಶೇಂಗಾ ಎಣ್ಣೆ ಹೆಪ್ಪುಗಟ್ಟಬೇಕಾದರೆ ಮಂಜುಗಡ್ಡೆಯ ಚಳಿಗೆ ಸಮೀಪವಾಗಬೇಕು. ಸಿಂಧನೂರಿನ ಮಾಗಿಗೆ ಅದು ಸಾಧ್ಯವಿಲ್ಲ. ಫೋನಿನಲ್ಲಿ ಕೇಳಿದುದಕ್ಕೆ ವ್ಯಾಪಾರಿಯು, "ಹವಾ ತಂಪೈತಲ್ರಿ ಅಕ್ಕಾರ, ಎಣ್ಣಿ ಗಟ್ಟಿ ಆಗ್ತೈತ್ರಿ" ಎಂದು ನಕ್ಕುಬಿಟ್ಟನು.

ಪರೀಕ್ಷಾಲಯಕ್ಕೆ ಮಾದರಿಯನ್ನು ಕಳಿಸಿದೆವು. ಎಣ್ಣೆಗಳಿಗೆ ಅಯೋಡಿನ್ ಸಂಖ್ಯೆ ಎಂಬುದೊಂದುಂಟು. ಎಣ್ಣೆಯ ಜಾತಿಯನ್ನು ಅದು ಹೇಳಿಬಿಡುತ್ತದೆ. ಶೇಂಗಾಕ್ಕೆ ಅದು ೮೫ರಿಂದ ೯೯ರೊಳಗೆ ಇರಬೇಕು. ಪಾಮೋಲಿನ್ನಿಗೆ ೫೪ರಿಂದ ೬೨. ನಮ್ಮ ಮಾದರಿಯದು ಈ ಎರಡರ ನಡುವೆ ನಿಂತಿತ್ತು. ಇಷ್ಟರಲ್ಲಿ ಲಿಂಗಸುಗೂರಿನ ಎರಡು ಅಂಗಡಿಗಳವರು ಚಕ್ಕುಲಿಯ ಮೇಲೆ ಬೂಷ್ಟು ಬಂದಿದೆಯೆಂದು ತಿಳಿದು ಪಾಕೀಟುಗಳ ಚೀಲಗಳನ್ನೇ ಹಿಂದಿರುಗಿಸಿದ್ದರು. ಅದು ಬೂಷ್ಟಲ್ಲ, ಹೆಪ್ಪುಗಟ್ಟಿದ ಕೊಬ್ಬು ಎಂದು ತಿಳಿಯಹೇಳಿದರೂ, "ಶೇಂಗಾ ಎಣ್ಣಿ ಅಂತ ಬರದೀರಲ್ಲ?" ಎಂಬ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಉಳಿದ ಡಬ್ಬಿಗಳನ್ನು ವರದಿಯ ಪ್ರತಿಯೊಡನೆ ವಾಪಸು ಕಳಿಸಿದೆವು. ಹಣದಲ್ಲಿ ಅರ್ಧ ಬಂದಿತು, ಅರ್ಧ ಬರಲೇ ಇಲ್ಲ. ಆ ತಿಂಗಳು ಹನ್ನೊಂದು ಮನೆಗಳಿಗೂ ಹೋಗಬೇಕಾದ ಕೂಲಿಯಲ್ಲಿ ಮುರಿತ ಬಿದ್ದಿತು. ಒಬ್ಬಳ ಮಗನ ಕಾಲೇಜಿನ ಫೀಸು ಅದರಲ್ಲಿಯೇ ಸೇರಿತ್ತು.

ಅಂದಿನಿಂದ ನಮ್ಮ ಖರೀದಿಯ ರೀತಿ ಬೇರೆಯಾಗಿದೆ. ಲಾರಿಯಿಂದ ಇಳಿಸುವ ಮುನ್ನ ಪ್ರತಿ ಡಬ್ಬಿಯ ಬ್ಯಾಚು, ತಯಾರಿಕೆಯ ತಿಂಗಳು, ೧೪ ಅಂಕಿಗಳ ಆಹಾರ ಪರವಾನಗಿಯ ಸಂಖ್ಯೆಗಳನ್ನು ಬರೆದುಕೊಳ್ಳುತ್ತೇವೆ. ಪ್ರತಿ ಬ್ಯಾಚಿನಿಂದ ಒಂದು ಬಾಟಲಿ ಎಣ್ಣೆಯನ್ನು ತೆಗೆದು, ಕೊಡುವವನ ಸಹಿ ಹಾಕಿಸಿ ಇಡುತ್ತೇವೆ. ಇನ್ನೊಂದು ಬಾಟಲಿಯನ್ನು ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟು ನೋಡುತ್ತೇವೆ. ಅದು ನಿಶ್ಚಿತವಾದ ಪರೀಕ್ಷೆಯಲ್ಲ, ಸಂಶಯ ಹುಟ್ಟಿಸುವ ಪರೀಕ್ಷೆ. ಸಂಶಯ ಬಂದರೆ ಪರೀಕ್ಷಾಲಯವಿದೆ. ಕಾರ್ಖಾನೆಯ ವರದಿಯಲ್ಲಿ ಆಮ್ಲಸಂಖ್ಯೆ, ಪೆರಾಕ್ಸೈಡ್ ಸಂಖ್ಯೆಗಳನ್ನು ಕೇಳುತ್ತೇವೆ. ಎಣ್ಣೆ ಎಷ್ಟು ಹಳಸಿದೆಯೆಂಬುದನ್ನು ಎರಡನೆಯದು ಮೂಗಿಗಿಂತ ಮುಂಚೆ ತಿಳಿಸುತ್ತದೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಪ್ರಮಾಣದಲ್ಲಿ ಶುದ್ಧೀಕರಿಸಿದ ಎಣ್ಣೆಗೆ ಅದರ ಮಿತಿ ೧೦, ಗಾಣದ ಎಣ್ಣೆಗೆ ೧೫. ವರದಿ ಕೊಡಲು ಗೊಣಗುವವನಿಂದ ನಾವು ಕೊಳ್ಳುವುದಿಲ್ಲ.

ತೂಕದ ವಿಷಯದಲ್ಲಿ ಒಂದು ಮಾತು ಗೃಹಿಣಿಯರಿಗೂ ಉಪಯೋಗಕ್ಕೆ ಬಂದೀತು. ಹದಿನೈದರ ಡಬ್ಬಿ ಎಂದು ಅಂಗಡಿಯವರು ಹೇಳುತ್ತಾರೆ. ೧೫ ಕಿಲೋವೋ ೧೫ ಲೀಟರೋ ಎಂದು ಕೇಳಬೇಕು. ಲೀಟರು ಎಣ್ಣೆ ಸುಮಾರು ೯೧೦ ಗ್ರಾಂ ತೂಗುವುದರಿಂದ ೧೫ ಲೀಟರಿನ ಡಬ್ಬಿಯಲ್ಲಿರುವುದು ೧೩ ಕಿಲೋ ೬೫೦ ಗ್ರಾಂ ಮಾತ್ರ. ಎರಡು ಅಂಗಡಿಗಳ ದರವನ್ನು ಹೋಲಿಸುವಾಗ ಈ ಒಂದೂ ಕಾಲು ಕಿಲೋವಿನ ಮೇಲಿನ ಅಂತರವನ್ನು ಮರೆತರೆ ಅಗ್ಗವೆನಿಸಿದುದು ತುಟ್ಟಿಯಾಗುತ್ತದೆ. ಕೆಲವರು ಇನ್ನೂ ಜಾಣರಾಗಿ ೬೦ ಡಿಗ್ರಿ ಶಾಖದಲ್ಲಿ ಅಳೆದ ಲೀಟರೆಂದು ಡಬ್ಬಿಯ ಮೇಲೆ ಅಚ್ಚು ಹಾಕಿಸುತ್ತಿದ್ದರು. ಕಾಯಿಸಿದ ಎಣ್ಣೆ ಹಿಗ್ಗುವುದರಿಂದ ಲೀಟರಿಗೆ ತೂಕ ಇನ್ನೂ ಕಡಿಮೆ. ೨೦೨೨ರ ಆಗಸ್ಟಿನಲ್ಲಿ ಕೇಂದ್ರ ಸರಕಾರದವರು ಹೀಗೆ ಶಾಖದ ಹೆಸರು ಹೇಳದೆ ಅಳತೆಯೊಡನೆ ತೂಕವನ್ನೂ ನಮೂದಿಸಬೇಕೆಂದು ಕಂಪನಿಗಳಿಗೆ ಸೂಚಿಸಿದರು.

ಗಾಣದ ಎಣ್ಣೆಯ ಮೇಲೆ ಈಗ ಎಲ್ಲರಿಗೂ ಮೋಹ. ನನಗೂ ಅದರ ಪರಿಮಳ ಪ್ರಿಯವೇ. ಆದರೆ ಗಾಣದಲ್ಲಿ ಸೋಸುವುದಷ್ಟೇ, ಕಾರ್ಖಾನೆಯ ಶುದ್ಧೀಕರಣವಿಲ್ಲ. ಶೇಂಗಾ ಮುಗ್ಗಿದ್ದರೆ ಅದರ ಮೇಲೆ ಬೆಳೆಯುವ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಸತ್ತಾಗ, ಅವಕ್ಕೆ ತಿನ್ನಿಸಿದ ಶೇಂಗಾ ಹಿಂಡಿಯಿಂದಲೇ ಈ ವಿಷದ ಪತ್ತೆಯಾದುದು. ಹಿಂಡಿಯಲ್ಲಿ ಬಹುಭಾಗ ಉಳಿದರೂ ಗಾಣದ ಎಣ್ಣೆಗೆ ಸ್ವಲ್ಪ ಇಳಿಯುತ್ತದೆ. ಆದುದರಿಂದ ಗಾಣಕ್ಕೆ ಹಾಕುವ ಕಾಳನ್ನು ನಮ್ಮ ಹೆಂಗಸರೇ ಕೂತು ಆರಿಸುತ್ತಾರೆ. ಸುಕ್ಕಿದ್ದು, ಕಪ್ಪಾದದ್ದು, ಒಡೆದದ್ದು ಎಲ್ಲವನ್ನೂ ತೆಗೆದುಬಿಡುತ್ತಾರೆ.

ಬಿಡಿ ಎಣ್ಣೆಯನ್ನು ಮಾತ್ರ ಯಾವ ಬೆಲೆಗೂ ಮುಟ್ಟುವುದಿಲ್ಲ. ೧೯೯೮ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಣ್ಣೆ ಬೆರೆತು ಜನರ ಕಾಲುಗಳು ಬಾತು ಅರವತ್ತರಷ್ಟು ಮಂದಿ ಸತ್ತರು. ಹೊಲದ ಬದುವಿನ ಮೇಲೆ ಹಳದಿ ಹೂ ಬಿಡುವ ಮುಳ್ಳಿನ ಗಿಡವೊಂದಿದೆ, ಅದರ ಬೀಜವೇ ಈ ಆರ್ಜಿಮೋನ್, ನೋಡಲು ಸಾಸಿವೆಯಂತೆಯೇ. ಅದೇ ವರ್ಷ ಎಣ್ಣೆಯನ್ನು ಮೊಹರಾದ ಪೊಟ್ಟಣ ಡಬ್ಬಿಗಳಲ್ಲಿಯೇ ಮಾರಬೇಕೆಂಬ ಆಜ್ಞೆ ಹೊರಟಿತು. ಆದರೂ ಸಂತೆಗಳಲ್ಲಿ ಬ್ಯಾರಲ್ಲಿಗೆ ನಲ್ಲಿ ಹಚ್ಚಿ ಮಾರುವುದನ್ನು ಇಂದಿಗೂ ಕಾಣಬಹುದು.

ತೌಡಿನ ಎಣ್ಣೆಯ ಬಗ್ಗೆ ನನಗೆ ಆಸೆ ಬಹಳ. ಸಿಂಧನೂರಿನ ಸುತ್ತ ಅಕ್ಕಿಯ ಗಿರಣಿಗಳಿಗೆ ಕೊರತೆಯಿಲ್ಲ; ಒಂದೊಂದರ ಹಿಂದೆಯೂ ತೌಡಿನ ರಾಶಿ. ಅದರಲ್ಲಿ ನೂರಕ್ಕೆ ೧೫ರಿಂದ ೨೦ರಷ್ಟು ಎಣ್ಣೆಯುಂಟು. ಆದರೆ ಅಕ್ಕಿಯಿಂದ ಬೇರ್ಪಟ್ಟ ಗಳಿಗೆಯಿಂದಲೇ ತೌಡಿನೊಳಗಿನ ಕಿಣ್ವವು ಎಣ್ಣೆಯನ್ನು ಒಡೆದು ಹುಳಿಗೊಳಿಸಲು ತೊಡಗುತ್ತದೆ. ತಡಮಾಡಿದಷ್ಟೂ ಎಣ್ಣೆ ಕೆಡುತ್ತದೆ. ಕೂಡಲೇ ಹಬೆಯಲ್ಲಿ ಬೇಯಿಸಬೇಕು, ಇಲ್ಲವೆ ಅದೇ ದಿನ ಸಾಲ್ವೆಂಟ್ ಕಾರ್ಖಾನೆಗೆ ಮುಟ್ಟಿಸಬೇಕು. ಗಾಣದಲ್ಲಿ ಇದು ಬರುವುದಿಲ್ಲ. ನಮ್ಮ ಕಾಲುವೆಯ ಬತ್ತದ ತೌಡು ಲಾರಿ ಹತ್ತಿ ಹೋಗಿ, ಕಂಪನಿಯ ಹೆಸರು ಹೊತ್ತು ಡಬ್ಬಿಯಾಗಿ ಹಿಂದಿರುಗುತ್ತದೆ. ನಾವು ಅದನ್ನೇ ಹಣ ಕೊಟ್ಟು ಕೊಳ್ಳುತ್ತೇವೆ. ಇದು ಚೆಲುವಾದ ವ್ಯವಹಾರವೆಂದು ನಾನು ಹೇಳಲಾರೆ, ಆದರೆ ಎಣ್ಣೆ ಚೆಲುವಾಗಿದೆ. ಸೇವಿಗೂ ಖಾರಾಕ್ಕೂ ಈಗ ಇದೇ. ಚಕ್ಕುಲಿ, ಕರ್ಚೀಕಾಯಿಗಳಿಗೆ ಶೇಂಗಾ. ಹತ್ತು ರೂಪಾಯಿಯ ಪಾಕೀಟನ್ನು ಬಿಡಲಾಗಲಿಲ್ಲ. ಅಂಗಡಿಯವರು ಅದನ್ನೇ ಕೇಳುತ್ತಾರೆ. ಅದಕ್ಕೆ ಪಾಮೋಲಿನ್ ಬಳಸುತ್ತೇವೆ, ಹಾಗೆಂದು ಪಾಕೀಟಿನ ಮೇಲೆ ಕಾಣುವ ಅಕ್ಷರಗಳಲ್ಲಿ ಬರೆಯುತ್ತೇವೆ. ಬರೆದ ಮೇಲೆ ಮಾರಾಟ ಕುಗ್ಗೀತೆಂದು ಸೋದರಳಿಯನು ಹೆದರಿದ್ದನು. ಮಸ್ಕಿಯಲ್ಲಿ ತುಸು ಕುಗ್ಗಿತು, ಲಿಂಗಸುಗೂರಿನಲ್ಲಿ ಕುಗ್ಗಲಿಲ್ಲ.

ಬೆಲೆಯ ಏರಿಳಿತಕ್ಕೆ ಮದ್ದಿಲ್ಲ. ೨೦೨೪ರ ಸೆಪ್ಟೆಂಬರಿನಲ್ಲಿ ಸರಕಾರವು ಆಮದಿನ ಕಚ್ಚಾ ಎಣ್ಣೆಯ ಮೇಲೆ ನೂರಕ್ಕೆ ೨೦ರ ಮೂಲ ಸುಂಕವನ್ನು ಹಾಕಿತು. ೨೦೨೫ರ ಮೇ ಕೊನೆಗೆ ಅದನ್ನು ೧೦ಕ್ಕೆ ಇಳಿಸಿತು. ಎಣ್ಣೆಕಾಳು ಬೆಳೆಯುವ ಒಕ್ಕಲಿಗನಿಗೆ ಮೊದಲನೆಯದು ಹಿತ, ಕರಿಯುವ ನಮಗೆ ಎರಡನೆಯದು ಹಿತ. ದೊಡ್ಡಕ್ಕನ ಮನೆಯಲ್ಲಿ ಹೊಲವೂ ಉಂಟು, ಕಡಾಯಿಯೂ ಉಂಟು. ಅವಳು ಎರಡು ಸಲವೂ ಬೈದಳು.

ಕರಿದ ಎಣ್ಣೆಯದು ಇನ್ನೊಂದು ತೊಡಕು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಪದಾರ್ಥಗಳು ನೂರಕ್ಕೆ ೨೫ನ್ನು ಮೀರಿದರೆ ಅದನ್ನು ಬಳಸಕೂಡದೆಂಬ ನಿಯಮ ೨೦೧೮ರ ಜುಲೈಯಿಂದ ಜಾರಿಯಲ್ಲಿದೆ. ಅಳೆಯುವ ಯಂತ್ರವೊಂದನ್ನು ಕೂಡಿ ಹಣ ಹಾಕಿ ಕೊಂಡಿದ್ದೇವೆ. ಹಳೆಯ ಎಣ್ಣೆಯಿಂದ ಬಯೋಡೀಸೆಲ್ ಮಾಡುವವರು ಕೊಳ್ಳುತ್ತಾರೆ. ಆದರೆ ಅವರ ಗಾಡಿ ನಮ್ಮ ಕಡೆ ಬರುವುದು ಅಪರೂಪ. ಬಜಿಯ ಬಂಡಿಯವರೂ ಕೇಳುತ್ತಾರೆ, ಹೆಚ್ಚಿನ ಬೆಲೆಯನ್ನೇ ಕೊಡುತ್ತಾರೆ. ಅವರಿಗೆ ಕೊಡುವುದಿಲ್ಲವೆಂದು ಹನ್ನೊಂದು ಮಂದಿಯೂ ಕೂಡಿ ನಿಶ್ಚಯಿಸಿದ್ದೇವೆ. ಸದ್ಯಕ್ಕೆ ಆರು ಕ್ಯಾನುಗಳು ಗಾಡಿಯ ದಾರಿ ಕಾಯುತ್ತ ಹಿತ್ತಿಲಲ್ಲಿವೆ.

ಕುಸುಬೆಯನ್ನು ದೊಡ್ಡಕ್ಕನು ಬಿಟ್ಟುಕೊಟ್ಟಿಲ್ಲ. ಕರಿಯಲು ಬಾರದಿದ್ದರೇನು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಪುಡಿಗಳ ಜೊತೆಗೆ ಚಿಕ್ಕ ಸೀಸೆಗಳಲ್ಲಿ ಗಾಣದ ಕುಸುಬೆ ಎಣ್ಣೆಯನ್ನೇ ಮಾರಬಹುದಲ್ಲವೇ ಎಂಬುದು ಅವಳ ಹೊಸ ವಾದ. ಕಾಳೇ ಸಿಗುವುದಿಲ್ಲ; ಮುಳ್ಳಿನ ಬೆಳೆಯ ಕೊಯ್ಲಿಗೆ ಆಳು ಬರುವುದಿಲ್ಲವೆಂದು ರೈತರು ಅದನ್ನು ಬಿಟ್ಟುಬಿಟ್ಟಿದ್ದಾರೆ. ಅವಳು ತನ್ನ ತಮ್ಮನ ಬೆನ್ನುಹತ್ತಿ, ಮಸ್ಕಿಯ ಕಡೆಯ ಹೊಲದಲ್ಲಿ ಈ ಹಿಂಗಾರಿಗೆ ಜೋಳದ ಸುತ್ತ ನಾಲ್ಕು ಸಾಲು ಹಾಕಿಸಿದ್ದಾಳೆ. ಕೊಯ್ಲಿಗೆ ನಾವೇ ಹನ್ನೊಂದು ಮಂದಿ ಹೋಗುವುದೆಂದೂ, ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಬೇಕೆಂದೂ ಈಗಲೇ ಅಪ್ಪಣೆಯಾಗಿದೆ.